ಮಾಳಿಗೆಯ ಕೀಲಿಕೈ ಯಾರ ಹತ್ತಿರ ಇದೆ?

ಹೊಸ ಕಟ್ಟಡದ ಕೆಲಸ ಒಪ್ಪಿಕೊಳ್ಳುವಾಗ ನಾನು ಕೇಳುವ ಮೊದಲ ಪ್ರಶ್ನೆ ಇದು. ಮಾಳಿಗೆ ಎಂದರೆ ನಮ್ಮ ಕಡೆ ಕಟ್ಟಡದ ಮೇಲಿನ ಸಮತಟ್ಟಾದ ಛಾವಣಿ. ಮಾಲೀಕರು ಸೋರುವ ಜಾಗ ತೋರಿಸಲು, ಚದರ ಅಡಿಗೆ ಎಷ್ಟು ಎಂದು ಚೌಕಾಸಿ ಮಾಡಲು ಸಿದ್ಧರಾಗಿ ನಿಂತಿರುತ್ತಾರೆ. ನಾನು ಕೀಲಿಕೈ ವಿಚಾರಿಸಿದರೆ ಮುಖ ಮುಖ ನೋಡುತ್ತಾರೆ. ಬೆಳಗಾವಿಯಲ್ಲಿ ಅಂಗಡಿ ಸಂಕೀರ್ಣ, ಗೋದಾಮು, ಶೆಡ್‌ಗಳನ್ನು ಮಳೆಗಾಳಿಗೆ ಸಜ್ಜು ಮಾಡುವ ಕೆಲಸದಲ್ಲಿ 16 ವರ್ಷ ಕಳೆದಿದ್ದೇನೆ. ಈ ಪ್ರಶ್ನೆ ಕಲಿತದ್ದು ಮಾತ್ರ 2019ರ ಆಗಸ್ಟ್‌ನಲ್ಲಿ, ಅದೂ ನನ್ನದೇ ತಪ್ಪಿನಿಂದ.

ಪೇಟೆಯೊಳಗಿನ ಮೂರಂತಸ್ತಿನ ಕಟ್ಟಡ. ರಸ್ತೆಮಟ್ಟದಲ್ಲಿ ಸೀರೆ ಅಂಗಡಿ, ನೆಲಮಾಳಿಗೆಯಲ್ಲಿ ಅದರ ದಾಸ್ತಾನು. ಆ ವರ್ಷದ ಮೇ ತಿಂಗಳಲ್ಲಿ 4,000 ಚದರ ಅಡಿಯ ಮಾಳಿಗೆಗೆ ನಾವು ವಾಟರ್‌ಪ್ರೂಫಿಂಗ್ ಮಾಡಿದ್ದೆವು. ಬಿರುಕುಗಳನ್ನು ಕೆತ್ತಿ ತುಂಬಿದೆವು, ಗೋಡೆ ಮತ್ತು ನೆಲ ಕೂಡುವಲ್ಲಿ ಸಿಮೆಂಟಿನ ಗುಂಡಂಚು ಕೊಟ್ಟೆವು, ನೀರು ತಡೆಯುವ ಬಣ್ಣವನ್ನು ಮೂರು ಸಲ ಬಳಿದೆವು. ಕೆಲಸ ಚೊಕ್ಕವಾಗಿತ್ತು ಎಂದು ಈಗಲೂ ಹೇಳುತ್ತೇನೆ. ಒಂದು ಹನಿಯೂ ಕೆಳಗೆ ಇಳಿಯದಷ್ಟು ಚೊಕ್ಕವಾಗಿದ್ದದ್ದೇ ಎಡವಟ್ಟಾಯಿತು.

ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿ ಹರಿದ ವಾರ ಅದು. ರಾತ್ರಿ ಹತ್ತರ ಸುಮಾರಿಗೆ ಕಾವಲುಗಾರ ಕಾಕಾ ಫೋನ್ ಮಾಡಿದರು.

"ಸಾಹೇಬರೇ, ಮೆಟ್ಟಿಲಿನ ಮೇಲೆ ನೀರು."

"ಸೋರುತ್ತಿದೆಯೇ ಕಾಕಾ?"

"ಸೋರುತ್ತಿಲ್ಲ, ಹರಿಯುತ್ತಿದೆ."

ಮೇಲೆ ಹೋಗಿ ನೋಡಿ ಎಂದೆ. ಮಾಳಿಗೆಯ ಬಾಗಿಲಿಗೆ ಕೀಲಿ ಹಾಕಿತ್ತು. ಕೀಲಿಕೈ ಸೀರೆ ಅಂಗಡಿಯ ಸಾವಕಾರರ ಹತ್ತಿರ. ಸಾವಕಾರರು ಬೀಗರ ಮನೆಗೆಂದು ಕೊಲ್ಹಾಪುರಕ್ಕೆ ಹೋದವರು ಅಲ್ಲಿಯೇ ಸಿಕ್ಕಿಬಿದ್ದಿದ್ದರು. ಹೆದ್ದಾರಿಯ ಮೇಲೆಯೇ ನೀರು ಬಂದು ಸಂಚಾರ ನಿಂತಿತ್ತು. ನಾನು ಸುತ್ತಿಗೆ ಹಿಡಿದು ತಲುಪಿ, ಕೀಲಿ ಒಡೆದು ಬಾಗಿಲು ತೆರೆಯುವಾಗ ಹನ್ನೊಂದೂವರೆ. ಹೊಸ್ತಿಲು ನಾಲ್ಕು ಇಂಚು, ನಿಂತ ನೀರು ಆರು ಇಂಚು. ಬಾಗಿಲು ತೆರೆದದ್ದೇ ತಡ, ನೀರು ನನ್ನ ಮೊಣಕಾಲಿಗೆ ಅಪ್ಪಳಿಸಿ ಕೆಳಗೆ ಧುಮುಕಿತು.

ಆ ಮಾಳಿಗೆಗೆ ನೀರಿಳಿಯುವ ನಾಲ್ಕು ಇಂಚಿನ ಕೊಳವೆ ಎರಡೇ ಎರಡು. ಗಂಟೆಗೆ 50 ಮಿಲಿಮೀಟರ್ ಮಳೆ ಸುರಿದರೆ ಅಂಥ ಒಂದು ಕೊಳವೆ ಹೆಚ್ಚೆಂದರೆ 900 ಚದರ ಅಡಿಯ ನೀರನ್ನು ನಿಭಾಯಿಸುತ್ತದೆ ಎಂಬುದು ನಮ್ಮ ಲೆಕ್ಕ. ಅಂದರೆ ನಾಲ್ಕೈದು ಬೇಕಿತ್ತು. ಇದ್ದ ಎರಡರಲ್ಲಿ ಒಂದನ್ನು ಯಾವ ಕಾಲದಲ್ಲೋ ಬಾಡಿಗೆದಾರರೊಬ್ಬರು ಸಿಮೆಂಟ್ ಮೆತ್ತಿ ಮುಚ್ಚಿಸಿದ್ದರು. ಇನ್ನೊಂದರ ಬಾಯಿಯನ್ನು ಕತ್ತಲೆಯಲ್ಲಿ ನೀರಿನೊಳಗೆ ತಡಕಾಡಿ ಹುಡುಕಿದೆ. ಕೈಗೆ ದುಂಡನೆಯ ಪ್ಲಾಸ್ಟಿಕ್ ಮುಚ್ಚಳ ತಾಗಿತು. ನಾವು ಬಳಿದ ಬಣ್ಣದ ಡಬ್ಬಿಯದೇ ಮುಚ್ಚಳ. ಮೇ ತಿಂಗಳಲ್ಲಿ ನಮ್ಮ ಹುಡುಗರು ಮೂಲೆಯಲ್ಲಿ ಎಸೆದು ಬಂದದ್ದು, ಮೊದಲ ದೊಡ್ಡ ಮಳೆಗೆ ತೇಲಿಬಂದು ಬಾಯಿಯ ಮೇಲೆ ಅಳತೆ ಮಾಡಿ ಕೂರಿಸಿದ ಹಾಗೆ ಕುಳಿತಿತ್ತು.

ಮರುದಿನ ಲೆಕ್ಕ ಹಾಕಿ ಬೆವೆತೆ. 4,000 ಚದರ ಅಡಿಯ ಮೇಲೆ ಆರು ಇಂಚು ನೀರು ಎಂದರೆ 55 ಟನ್ನಿಗೂ ಹೆಚ್ಚು. 5,000 ಲೀಟರಿನ ಹನ್ನೊಂದು ಟ್ಯಾಂಕರ್ ನೀರನ್ನು ಎತ್ತಿ ತಲೆಯ ಮೇಲಿಟ್ಟಂತೆ. ಜನ ಓಡಾಡುವ ಮಾಳಿಗೆಯನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೆಚ್ಚುವರಿ ಭಾರಕ್ಕೆ ಲೆಕ್ಕ ಹಿಡಿದು ಕಟ್ಟುವುದು ನಮ್ಮ ದೇಶದ ನಿಯಮ. ಆರು ಇಂಚು ನೀರಿನ ಭಾರವೂ ಅಷ್ಟೇ. ಇನ್ನೂ ನಾಲ್ಕು ಇಂಚು ಏರಿದ್ದರೆ ಸೀರೆಯ ಮಾತು ಯಾರೂ ಆಡುತ್ತಿರಲಿಲ್ಲ.

ಸೀರೆಗಳೂ ಹೋದವು. ನೀರು ಮೆಟ್ಟಿಲಿಳಿದು ಲಿಫ್ಟಿನ ಗುಂಡಿ ತುಂಬಿ ನೆಲಮಾಳಿಗೆಗೆ ನುಗ್ಗಿತ್ತು. ಕಪಾಟಿನ ಕೆಳಗಿನ ಎರಡು ಸಾಲು ಪೂರಾ ತೊಯ್ದಿದ್ದವು. ಊರಿಗೆ ಮರಳಿದ ಸಾವಕಾರರು ಕೂಗಾಡಲಿಲ್ಲ. "ಮೇಲೆ ಕೆರೆ ಚೆನ್ನಾಗಿ ಕಟ್ಟಿಕೊಟ್ಟಿದ್ದೀರಿ. ಮೀನು ಯಾವಾಗ ಬಿಡುತ್ತೀರಿ?" ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಅರ್ಧ ನಷ್ಟವನ್ನು ಮೂರು ಕಂತಿನಲ್ಲಿ ತುಂಬಿಕೊಟ್ಟೆ.

ನನ್ನ ಅಜ್ಜನದು ಬೀಳಗಿ ಕಡೆಯ ಹಳ್ಳಿ, ಮಣ್ಣಿನ ಮಾಳಿಗೆಯ ಮನೆ. ರೋಹಿಣಿ ಮಳೆಗೆ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿ ತುಳಿದ ಮೇಲೆ ಅಜ್ಜ ಒಂದು ಕೊಡ ನೀರು ಸುರಿದು, ಅದು ಯಾವ ಕಡೆ ಓಡುತ್ತದೆ ಎಂದು ಕುಕ್ಕರುಗಾಲಿನಲ್ಲಿ ಕುಳಿತು ನೋಡುತ್ತಿದ್ದ. ಡಿಪ್ಲೊಮಾ ಮುಗಿಸಿದ ನನಗೆ ಆ ಒಂದು ಕೊಡ ನೀರು ನೆನಪಾಗಲಿಲ್ಲ.

ಈಗ ಮೇ ಕೊನೆಯಲ್ಲಿ ಪ್ರತಿ ಮಾಳಿಗೆಗೂ ಪೈಪು ಹಿಡಿದು ನೀರು ಬಿಡುತ್ತೇವೆ. ಜೊತೆಗೆ ಸುತ್ತುಗೋಡೆಯಲ್ಲಿ, ನೆಲದಿಂದ ಎರಡು ಇಂಚು ಮೇಲೆ ಮತ್ತು ಹೊಸ್ತಿಲಿಗಿಂತ ಕೆಳಗೆ, ರಸ್ತೆಯ ಕಡೆಗೆ ಒಂದು ಅಗಲವಾದ ಕಿಂಡಿ ಕೊರೆಯುತ್ತೇವೆ. ಕೊಳವೆ ಕಟ್ಟಿಕೊಂಡರೆ ನೀರು ಅಲ್ಲಿಂದ ಹೊರಗೆ ಬೀಳಲಿ ಎಂದು. ಇದಕ್ಕೆ ಅಂಗಡಿಯವರ ತಕರಾರು ಒಂದೇ: ನೀರು ನಮ್ಮ ಬೋರ್ಡಿನ ಮೇಲೆ ಬೀಳುತ್ತದೆ. ಬೀಳಬೇಕು. ಬೇಕೆಂದೇ ಅಲ್ಲಿ ಕೊರೆದಿರುತ್ತೇನೆ. ಹಿತ್ತಲಿಗೆ ಬಿದ್ದರೆ ಯಾರೂ ನೋಡುವುದಿಲ್ಲ. ಬೋರ್ಡಿನ ಮೇಲೆ ಬಿದ್ದರೆ ಐದು ನಿಮಿಷದಲ್ಲಿ ನನಗೆ ಫೋನ್ ಬರುತ್ತದೆ.

ಶೆಡ್‌ಗಳ ಕಥೆ ಬೇರೆ. ಉದ್ಯಮಬಾಗ ಕೈಗಾರಿಕಾ ಪ್ರದೇಶದ ಕಡೆ ಪತ್ರಾಸ್, ಅಂದರೆ ಛಾವಣಿಯ ತಗಡು, ಕಿತ್ತು ಹಾರುವುದು ಏಪ್ರಿಲ್, ಮೇ ತಿಂಗಳ ಸಂಜೆಯ ಬಿರುಗಾಳಿಗೆ. ಗಾಳಿ ಪತ್ರಾಸನ್ನು ಅದುಮುತ್ತದೆ ಎಂದುಕೊಂಡು ಅದರ ಮೇಲೆ ಕಲ್ಲು ಹೇರುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಗಾಳಿ ಅದನ್ನು ಮೇಲಕ್ಕೆ ಎಳೆಯುತ್ತದೆ. ಅಂಚು ಮತ್ತು ಮೂಲೆಗಳಲ್ಲಿ ಎಳೆತ ಅತಿ ಹೆಚ್ಚು. ಅಲ್ಲಿ ಸ್ಕ್ರೂಗಳು ಒತ್ತಾಗಿರಬೇಕು. ಗಾಳಿ ಬರುವ ಕಡೆಯ ದೊಡ್ಡ ಶಟರ್ ತೆರೆದಿದ್ದರಂತೂ ಒಳಗೆ ತುಂಬಿದ ಗಾಳಿಯೂ ಕೆಳಗಿನಿಂದ ನೂಕುತ್ತದೆ. ಆಗ ಹಾರುವ ಕಲ್ಲು ಯಾರ ತಲೆಯ ಮೇಲೆ ಬೀಳಬೇಕು?

ಇನ್ನು ಜೂನ್‌ನಲ್ಲಿ ತೊಟ್ಟಿಕ್ಕುವ ಶೆಡ್ ಕೆಟ್ಟದ್ದು ಬೇಸಿಗೆಯಲ್ಲಿ. 40 ಅಡಿ ಉದ್ದದ ಉಕ್ಕಿನ ಪತ್ರಾಸ್ ಹಗಲು 65 ಡಿಗ್ರಿ ಕಾದು ರಾತ್ರಿ 25ಕ್ಕೆ ಇಳಿದರೆ ಆರು ಮಿಲಿಮೀಟರಿನಷ್ಟು ಹಿಗ್ಗಿ ಕುಗ್ಗುತ್ತದೆ. ದಿನವೂ ಹೀಗೆ ಜಗ್ಗಾಡಿ ಸ್ಕ್ರೂ ತೂತು ಅಗಲವಾಗುತ್ತದೆ, ರಬ್ಬರ್ ವಾಷರ್ ಬಿಸಿಲಿಗೆ ಸೀಳುತ್ತದೆ. ವಿಜಯಪುರದ ಬಿಸಿಲಿನಲ್ಲಿ ಇನ್ನೂ ಬೇಗ. ವಾಷರ್ ಬದಲಿಸುವ ಖರ್ಚು ಚಿಲ್ಲರೆ, ಆದರೆ ಬೇಸಿಗೆಯಲ್ಲಿ ಅದಕ್ಕೆ ಹಣ ಕೇಳಿದರೆ ಯಾರೂ ಕೊಡುವುದಿಲ್ಲ.

ಸೀರೆ ಅಂಗಡಿಯ ಸಾವಕಾರರು ನನ್ನನ್ನು ಬಿಡಲಿಲ್ಲ, ಅದು ಅವರ ದೊಡ್ಡತನ. ಕಳೆದ ವರ್ಷ ಮೃಗಶಿರಾ ಮಳೆಯ ದಿನ ಅವರದೇ ಫೋನ್: "ನಿಮ್ಮ ಕಿಂಡಿ ನನ್ನ ಹೊಸ ಬೋರ್ಡ್ ತೊಳೆಯುತ್ತಿದೆ." ಬೈಕಿನ ಮೇಲೆ ರೈನ್‌ಕೋಟ್ ಹಾಕಿಕೊಳ್ಳುತ್ತಿರುವಾಗಲೇ ಕಾಕಾ ಫೋನ್ ಮಾಡಿದರು. ಮಾಳಿಗೆಯ ಎರಡನೆಯ ಕೀಲಿಕೈ ಈಗ ಅವರ ಉಡದಾರದಲ್ಲಿಯೇ ಇರುತ್ತದೆ.

"ಬರಬೇಡಿ ಸಾಹೇಬರೇ. ಪಾರಿವಾಳದ ಗೂಡು ಇತ್ತು, ತೆಗೆದೆ. ಮೊಟ್ಟೆ ಇರಲಿಲ್ಲ."