ಅಜ್ಜಿಯ ಇಳಕಲ್ ಸೀರೆಯಿಂದ ಶುರು: ಒಂಬತ್ತು ಮಂದಿಯ ಮನೆತನದ ಫೋಟೊಕ್ಕೆ ಬಟ್ಟೆ ಹೊಂದಿಸುವ ಕೆಲಸ

ಫೋಟೊ ತೆಗೆಯಲು 24 ದಿನ ಬಾಕಿ

ಅಜ್ಜ, ಅಜ್ಜಿ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು, 14, 8 ಮತ್ತು 3 ವರ್ಷದ ಮೂವರು ಮೊಮ್ಮಕ್ಕಳು. ಜಾಗ ಧಾರವಾಡದ ಹಂಚಿನ ಮನೆಯ ಮುಂದಿನ ಕಟ್ಟೆ, ಹಿಂದೆ ತಿಳಿಹಳದಿ ಸುಣ್ಣದ ಗೋಡೆ. ಮನೆ ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಬೆಳಿಗ್ಗೆ 7.30ರಿಂದ 8.30ರವರೆಗೆ ಕಟ್ಟೆ ಪೂರ್ತಿ ನೆರಳಲ್ಲಿರುತ್ತದೆ. ಪಡಸಾಲೆಗೆ 20×30 ಇಂಚಿನ ಪ್ರಿಂಟ್. ಒಂಬತ್ತು ಮಂದಿ ಸೇರಿದಾಗ ಅದರಲ್ಲಿ ಒಂದೊಂದು ಮುಖ ಸುಮಾರು ಒಂದೂವರೆ ಇಂಚು ಬರುತ್ತದೆ. ಬಟ್ಟೆಯ ತೀರ್ಮಾನವೆಲ್ಲ ಈ ಅಳತೆಯ ಮೇಲೆ ನಿಂತಿದೆ.

ಬದಲಾಯಿಸಲು ಯಾರಿಗೆ ಕಷ್ಟವೋ ಅವರ ಉಡುಪು ಮೊದಲು. ಅಜ್ಜಿ ಉಡುವುದು ಕಡುನೀಲಿ ಒಡಲಿನ ಇಳಕಲ್ ಸೀರೆ, ಕೆಂಪಿನ ಮೇಲೆ ಬಿಳಿ ತೋಪು ತೆನಿ ವಿನ್ಯಾಸದ ಸೆರಗು. ತಲೆ ಮೇಲೆ ಸೆರಗು ಹೊದೆಯುವುದರಿಂದ ಕೆಂಪು ಅವರ ಮುಖದ ಪಕ್ಕದಲ್ಲೇ ಬರುತ್ತದೆ. ಹಾಗಾಗಿ ಅಷ್ಟು ಗಟ್ಟಿ ಕೆಂಪು ಬೇರೆ ಯಾರಿಗೂ ಬೇಡ ಎಂದು ನಿರ್ಧಾರವಾಯಿತು.

17 ದಿನ ಬಾಕಿ

ಉಳಿದವರಿಗೆಲ್ಲ ಮರೂನ್ ಮತ್ತು ಕೆನೆಬಣ್ಣ ಎಂಬ ಮೊದಲ ಯೋಜನೆ ಬಿದ್ದುಹೋಯಿತು. ಬಟ್ಟೆಗಳನ್ನು ಗೋಡೆಯ ಮುಂದೆ ಹಗ್ಗಕ್ಕೆ ಹಾಕಿ ಮೊಬೈಲಿನಲ್ಲಿ ಕಪ್ಪು-ಬಿಳುಪು ಫೋಟೊ ತೆಗೆದಾಗ ಮರೂನೂ ಕಡುನೀಲಿಯೂ ಒಂದೇ ಕಪ್ಪಾಗಿ ಕಂಡವು. ಪಕ್ಕಪಕ್ಕ ಕೂತರೆ ಯಾರ ತೋಳು ಎಲ್ಲಿ ಮುಗಿಯುತ್ತದೆ ಎಂದೇ ತಿಳಿಯುವುದಿಲ್ಲ. ಕೆನೆಬಣ್ಣ ಗೋಡೆಯಲ್ಲಿ ಕರಗಿತು. ಎಲ್ಲರಿಗೂ ಒಂದೇ ಥಾನಿನ ಬಟ್ಟೆ ಹೊಲಿಸುವ ರೂಢಿಯೂ ಇದೇ ಕಾರಣಕ್ಕೆ ಕೆಡುತ್ತದೆ: ಒಂಬತ್ತು ಮೈಗಳು ಒಂದೇ ಮುದ್ದೆಯಾಗಿ ಮುಖಗಳು ಹಿಂದೆ ಸರಿಯುತ್ತವೆ. ಬಣ್ಣ ಹೊಂದಿದರೆ ಸಾಲದು, ಅಕ್ಕಪಕ್ಕದವರ ನಡುವೆ ಕಪ್ಪು-ಬಿಳುಪಿನಲ್ಲೂ ವ್ಯತ್ಯಾಸ ಉಳಿಯಬೇಕು.

ಈಗಿನ ಹೊಂದಿಕೆ: ಹಿರಿಸೊಸೆಗೆ ಎಲೆಹಸಿರು ಮೈಸೂರು ಸಿಲ್ಕ್. ಕ್ರೇಪ್ ಆದ್ದರಿಂದ ಮೈಗೆ ಅಂಟಿ ಬೀಳುತ್ತದೆ, ಗುಂಪಿನಲ್ಲಿ ಉಬ್ಬಿ ಜಾಗ ತಿನ್ನುವುದಿಲ್ಲ. ಕಿರಿಸೊಸೆಗೆ ಬೂದುಬಣ್ಣದ ಹತ್ತಿ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಹಿಂದೆ ನಿಲ್ಲುವ ಗಂಡುಮಕ್ಕಳಿಗೆ ಒಬ್ಬರಿಗೆ ಮಾಸಲು ನೀಲಿ, ಇನ್ನೊಬ್ಬರಿಗೆ ಇಟ್ಟಿಗೆ ಬಣ್ಣದ ಅಂಗಿ. ಹಿರಿಯ ಮಗನ ಸಣ್ಣ ಚೌಕಡಿ ಅಂಗಿ ಕೈಬಿಟ್ಟಾಯಿತು. ಒಂದೆರಡು ಮಿಲಿಮೀಟರ್ ಅಂತರದ ಗೆರೆಗಳು ಕ್ಯಾಮೆರಾ ಸೆನ್ಸರಿನ ಚುಕ್ಕಿಸಾಲಿನೊಂದಿಗೆ ತಿಕ್ಕಾಡಿ ಕಾಮನಬಿಲ್ಲಿನಂಥ ಅಲೆ ಎಬ್ಬಿಸುತ್ತವೆ. ಆಮೇಲೆ ಅದನ್ನು ತೆಗೆಯುವುದು ಬಹಳ ಕಷ್ಟ.

ಅಜ್ಜನ ಬಿಳಿ ಹೆಚ್ಚು ಸತಾಯಿಸಿತು. ದೋತರ ಅಚ್ಚಬಿಳಿ, ಖಾದಿ ನೆಹರು ಅಂಗಿ ಹಾಲುಬಿಳಿ. ಎರಡನ್ನೂ ಒಟ್ಟಿಗೆ ನೋಡಿದಾಗ ಅಂಗಿ ಮಾಸಿದಂತೆ ಕಾಣುತ್ತದೆ. ಬಿಳುಪು ಹೆಚ್ಚಿಸುವ ಪುಡಿಯಲ್ಲಿ ಒಗೆದ ಬಟ್ಟೆ ನೆರಳಿನ ಬೆಳಕಿನಲ್ಲಿ ಇನ್ನಷ್ಟು ನೀಲಿ ಹೊಡೆಯುತ್ತದೆ. ಅದೇ ಖಾದಿಯ ಹಾಲುಬಿಳಿಗೆ ಹೊಂದುವ ಬೇರೆ ದೋತರ ತಂದು, ಎರಡನ್ನೂ ಸಾದಾ ಸಾಬೂನಿನಲ್ಲಿ ನೀಲಿ ಹಾಕದೆ ಒಗೆದ ಮೇಲೆ ಸರಿಹೋಯಿತು.

9 ದಿನ ಬಾಕಿ

8 ವರ್ಷದ ಹುಡುಗಿಗೆ ಖಣದ ಪರಕರ-ಪೋಲಕ. ಸೊಂಟದ ಪಟ್ಟಿಗೆ ಒಳಗಿಂದ ಮೆತ್ತನೆ ಹತ್ತಿ ಅಸ್ತರು ಬೇಕೇ ಬೇಕು, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ತುರಿಕೆ. 3 ವರ್ಷದವನ ಅಂಗಿಯನ್ನು ಈಗಲೇ ಎರಡು ಸಲ ಒಗೆದು, ಮನೆಯಲ್ಲಿ ಅರ್ಧರ್ಧ ದಿನ ಹಾಕಿಸಿ ರೂಢಿ ಮಾಡಿಸಲಾಗುತ್ತಿದೆ. ಅದೇ ಬಣ್ಣದ ಇನ್ನೊಂದು ಅಂಗಿಯೂ ಸಿದ್ಧವಿದೆ. ಮಿಂಚುಗುಲಾಬಿ, ಗಿಣಿಹಸಿರು ಮಕ್ಕಳಿಗೂ ಬೇಡ: ಗದ್ದದ ಕೆಳಗೆ ಆ ಬಣ್ಣ ಪ್ರತಿಫಲಿಸಿ ಚರ್ಮ ಬೇರೆಯಾಗಿ ಕಾಣುತ್ತದೆ.

4 ದಿನ ಬಾಕಿ

ಎಲ್ಲರನ್ನೂ ಉಡಿಸಿ ಕಟ್ಟೆಯ ಮೇಲೆ ಕೂರಿಸಿ ನೋಡಿದ್ದು. ನಿಂತಾಗ ಕಾಣದ ತಪ್ಪುಗಳು ಕೂತಾಗಲೇ ಬಯಲಾಗುವುದು, ಈ ಸುತ್ತನ್ನು ಯಾರೂ ಬಿಡಬಾರದು. ಅಜ್ಜನ ದೋತರ ಮೇಲಕ್ಕೆ ಸರಿಯಿತು. ಉಡುವಾಗಲೇ ಮೂರು-ನಾಲ್ಕು ಇಂಚು ಕೆಳಗೆ ಬಿಟ್ಟರೆ ಕೂತಾಗ ಹರಡಿನ ಮೇಲೆ ಸರಿಯಾಗಿ ನಿಲ್ಲುತ್ತದೆ. ಬಿಸಿಲಿಗೆ ಕಪ್ಪಾಗುವ ಅವರ ಕನ್ನಡಕ ನೆರಳಿನಲ್ಲೂ ಅರ್ಧ ಕಪ್ಪಾಗಿ ಕಣ್ಣು ಮುಚ್ಚಿತು. ಹಳೆಯ ಸಾದಾ ಗಾಜಿನದೇ ಗತಿ. ಕೆಲವರ ಕಾಲಲ್ಲಿ ಚಪ್ಪಲಿ, ಕೆಲವರದು ಬರಿಗಾಲು. ಮನೆಯ ಕಟ್ಟೆಗೆ ಬರಿಗಾಲೇ ಚೆಂದ, ಎಲ್ಲರಿಗೂ ಅದೇ. ಅಂಗಿಯ ಜೇಬಿನಿಂದ ಮೊಬೈಲು ಹೊರಗೆ.

1 ದಿನ ಬಾಕಿ

ಇಳಕಲ್ ಸೀರೆಯ ಮಡಿಕೆಯ ಗೆರೆ ಸೆರಗಿಗೆ ಅಡ್ಡಲಾಗಿ ಎದ್ದು ಕಾಣುತ್ತಿತ್ತು. ರೇಷ್ಮೆ ಸೆರಗಿಗೆ ತೆಳು ಹತ್ತಿ ಬಟ್ಟೆ ಹಾಸಿ, ಹಿಂಬದಿಯಿಂದ ಕಡಿಮೆ ಬಿಸಿಯಲ್ಲಿ ಇಸ್ತ್ರಿ ಮಾಡಿ, ರಾತ್ರಿಯಿಡೀ ಕೋಲಿನ ಮೇಲೆ ಇಳಿಬಿಟ್ಟಿದೆ. ದೋತರಕ್ಕೆ ತೆಳು ಗಂಜಿ ಮಾತ್ರ, ದಪ್ಪ ಹಾಕಿದರೆ ಕೂತಾಗ ಸೆಟೆದು ನಿಲ್ಲುತ್ತದೆ. ಚೀಲದಲ್ಲಿ 12 ಪಿನ್ನು, ಸೂಜಿ-ದಾರ, ಎಣ್ಣೆ ಕಲೆಗೆ ಟಾಲ್ಕಂ ಪೌಡರು, ಒದ್ದೆ ಬಟ್ಟೆ. ಚಿಕ್ಕವನಿಗೆ ಬಟ್ಟೆ ಹಾಕುವುದು 7.15ಕ್ಕೆ, ತಿಂಡಿ ಮುಗಿದ ಮೇಲೆ.

ಹಿರಿಸೊಸೆಯ ಕುಪ್ಪಸದ ತೋಳು ಅರ್ಧ ಇಂಚು ಬಿಗಿ, ಕೈ ಎತ್ತಿ ಮಗುವನ್ನು ಹಿಡಿದರೆ ಹೊಲಿಗೆ ಜಗ್ಗುತ್ತದೆ. ಇವತ್ತು ಸಂಜೆ ಆರಕ್ಕೆ ಅದು ದರ್ಜಿಯ ಬಳಿಯಿಂದ ಬರಬೇಕು.