ಭಾರ ಎಲ್ಲಿಗೆ ಇಳಿಯುತ್ತೆ?

ಮೇ 17, 2025, ಶನಿವಾರ
ಕ್ಯಾಂಟನ್, ಮಿಷಿಗನ್

ನಮ್ಮ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿಗೆ ಸಾಮಾನು ಹೇರುವ ಕ್ಯಾರಿಯರ್ ಕೂರಿಸಿ ಆಯ್ತು. ಮುಂದಿನ ವಾರ ಮೆಮೋರಿಯಲ್ ಡೇ ರಜಕ್ಕೆ ಉತ್ತರಕ್ಕೆ ಮ್ಯಾಕಿನಾ ಕಡೆ ಹೊರಡಬೇಕು. ಬ್ಯಾಗುಗಳು ಹಿಂದಿನ ತೊಟ್ಟಿಯಲ್ಲಿ ಮುಚ್ಚಳದ ಕೆಳಗೆ, ಕಯಾಕ್ ಅನ್ನೋ ಚಿಕ್ಕ ದೋಣಿ ಕ್ಯಾರಿಯರ್ ಮೇಲೆ. ಹಾಗಂತ ಪುಟ್ಟಿಗೆ ಮಾತು ಕೊಟ್ಟಿದ್ದೆ.

ಪೆಟ್ಟಿಗೆ ಬಿಚ್ಚುವ ಮೊದಲೇ ಅಪ್ಪ ಬಂದು ನಿಂತರು. ಬಸ್ ಡಿಪೋದಲ್ಲಿ ಜೀವನ ಕಳೆದವರು, ಸುಮ್ನೆ ಕೂರುತ್ತಾರಾ?

"ಈ ಮುಚ್ಚಳದ ಮೇಲೆ ಭಾರ ಹೇರ್ತೀಯೇನೋ? ಸುರುಳಿ ಸುತ್ತಿಕೊಳ್ಳೋ ಮುಚ್ಚಳ ಇದು."

"ಇಲ್ಲಪ್ಪ, ಮುಚ್ಚಳಕ್ಕೆ ಏನೂ ತಾಗಲ್ಲ. ಎರಡೂ ಪಕ್ಕ ಹಳಿ ಇದೆ ನೋಡಿ, ಕ್ಯಾರಿಯರಿನ ಕಂಬ ಅದರ ಮೇಲೆ ನಿಲ್ಲುತ್ತೆ."

"ಹಳಿ ಯಾವುದರ ಮೇಲೆ ಕೂತಿದೆ?"

"ಗಾಡಿಯ ಪಕ್ಕದ ಗೋಡೆ ಮೇಲೆ."

"ಹಾಗೆ ಹೇಳು. ಭಾರ ಎಲ್ಲಿಗೆ ಇಳಿಯುತ್ತೆ ಅನ್ನೋದು ಮೊದಲು ಗೊತ್ತಿರಬೇಕು."

ಆಮೇಲೆ ಅವರೇ ಬಗ್ಗಿ ಹಳಿಯ ಸಂದಿಯಲ್ಲಿ ಬೆರಳಾಡಿಸಿ ನೋಡಿದರು. ಸಂದಿ ಮೇಲೆ ಕಿರಿದು, ಒಳಗೆ ಅಗಲ. ಟಿ ಆಕಾರದ ಬೋಲ್ಟಿನ ತಲೆ ತುದಿಯಿಂದ ಒಳಗೆ ಜಾರುತ್ತದೆ, ಮೇಲಕ್ಕೆ ಎದ್ದು ಬರುವುದಿಲ್ಲ. ಎಲ್ಲಿ ಬೇಕೋ ಅಲ್ಲಿಗೆ ತಳ್ಳಿ ನಟ್ ಬಿಗಿದರೆ ಆಯ್ತು, ಗಾಡಿಗೆ ತೂತು ಕೊರೆಯುವ ಗೋಜಿಲ್ಲ. ಅಪ್ಪನಿಗೆ ಇದು ಬಹಳ ಹಿಡಿಸಿತು. ನಾನು ಬೋಲ್ಟಿಗೆ ಕಚ್ಚಿಕೊಳ್ಳದ ಹಾಗೆ ತಡೆಯುವ ಆಂಟಿ ಸೀಜ್ ಪೇಸ್ಟ್ ಹಚ್ಚುವಾಗ ಯಾಕೆ ಅಂತ ಕೇಳಿದರು. ಎಫ್-150 ಬಾಡಿ 2015ರ ಮಾಡೆಲಿನಿಂದ ಅಲ್ಯೂಮಿನಿಯಂ, ಈ ಹಳಿಯೂ ಅಲ್ಯೂಮಿನಿಯಂ. ಅದಕ್ಕೆ ಸ್ಟೀಲ್ ಬೋಲ್ಟು ತಾಗಿದ ಜಾಗಕ್ಕೆ ಚಳಿಗಾಲದ ರಸ್ತೆಯ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ, ಬೋಲ್ಟೂ ಕಚ್ಚಿಕೊಳ್ಳುತ್ತದೆ. ಹೇಳಿದೆ. ತಲೆ ಆಡಿಸಿದರು.

ಕ್ಯಾರಿಯರ್ ಎಷ್ಟು ಹೊರಬಹುದು ಅಂತ ಕೈಪಿಡಿಯಲ್ಲಿ ಎರಡು ತೂಕ ಬರೆದಿರುತ್ತಾರೆ. ನಿಂತ ಗಾಡಿಗೆ ಒಂದು, ಓಡುವ ಗಾಡಿಗೆ ಒಂದು. ಓಡುವ ಗಾಡಿಯದು ತೀರಾ ಕಡಿಮೆ. ಅದನ್ನು ಓದಿ ಹೇಳಿದಾಗ ಅಪ್ಪ ಅಂದರು, "ಮತ್ತೆ? ಬ್ರೇಕು ಹಾಕೋದು ಗಾಡಿಗೆ, ಮೇಲಿರೋ ಸಾಮಾನಿಗಲ್ಲ."

ಬಸ್ಸಿನ ಟಾಪಿನ ಮೇಲೆ ಹಲಸಿನಹಣ್ಣು, ಸೈಕಲ್ಲು, ತೆಂಗಿನಕಾಯಿ ಮೂಟೆ ಹೇರಿಸಿಕೊಂಡು ಘಾಟಿ ಇಳಿಸಿದ ಗಾಡಿಗಳನ್ನು ರಿಪೇರಿ ಮಾಡಿದ ಮನುಷ್ಯ. ಬಿಗಿಯುವ ಪಟ್ಟಿ ಎರಡಾದರೆ ಸಾಲದು, ಕಯಾಕಿನ ಮೂತಿಯನ್ನೂ ಬಾಲವನ್ನೂ ಬೇರೆ ಹಗ್ಗದಲ್ಲಿ ಗಾಡಿಗೆ ಕಟ್ಟಲೇಬೇಕು ಅಂತ ಹಠ. ಸರಿಯಾದ ಮಾತು. ಮ್ಯಾಕಿನಾ ಸೇತುವೆ ಸುಮಾರು 5 ಮೈಲಿ ಉದ್ದ, 1957ರಲ್ಲಿ ತೆರೆದದ್ದು, ಒಳಗಿನ ಲೇನುಗಳಲ್ಲಿ ಕಬ್ಬಿಣದ ಜಾಲರಿ, ಕೆಳಗೆ ನೀರು ಕಾಣುತ್ತದೆ. ಗಾಳಿ ಜೋರಾಗಿ ಎದ್ದರೆ ಗಂಟೆಗೆ 20 ಮೈಲಿ ವೇಗದಲ್ಲೇ ಹೋಗಿ ಅಂತ ಎಚ್ಚರಿಸುತ್ತಾರೆ. ಇಷ್ಟು ಹೇಳಿದ ಮೇಲಂತೂ ಹಗ್ಗ ತರಿಸಿಯೇ ಬಿಟ್ಟರು.

ಕೊನೆಯ ಕಂಬಕ್ಕೆ ನಟ್ ಕೊಡುವಾಗ ನೋಡಿದೆ. ಅಪ್ಪನ ಬಲಗೈ ನಡುಗುತ್ತಿತ್ತು. ಹೆಬ್ಬೆರಳು, ತೋರುಬೆರಳು ಎರಡೂ. ನಟ್ಟು ಬೋಲ್ಟಿನ ಬಾಯಿಗೆ ಕೂರಲಿಲ್ಲ, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು ಕೂರಿಸಿದರು. ನಾನು ನೋಡಿದ್ದು ಅವರಿಗೂ ಗೊತ್ತಾಯಿತು. "ಟಾರ್ಕ್ ರೆಂಚ್ ತಗೊ, ಕೈ ಅಳತೇಲಿ ಬಿಗೀಬೇಡ, ಹಳಿಯ ತುಟಿ ತೆರೆದುಕೊಳ್ಳುತ್ತೆ" ಅಂದುಬಿಟ್ಟರು, ಬೇರೆ ಮಾತೇ ಇಲ್ಲ.

ಊಟ ಆದ ಮೇಲೆ ಅಕ್ಕನಿಗೆ ಫೋನ್ ಮಾಡಿದೆ. "ಸಂಕ್ರಾಂತಿಗೇ ನೋಡಿದ್ದೆ ಕಣೋ. ನಿನಗೆ ಹೇಳಬಾರದು ಅಂತ ಆಣೆ ಹಾಕಿಸಿಕೊಂಡಿದ್ದರು" ಅಂದಳು. ಸಿಟ್ಟು ಬಂತು. ಅವಳ ಮೇಲೋ, ಅಪ್ಪನ ಮೇಲೋ ಗೊತ್ತಿಲ್ಲ.

ಇಲ್ಲಿ ತೋರಿಸೋಣ ಅಂದರೆ ವಿಸಿಟರ್ ಇನ್ಶೂರೆನ್ಸ್ ಮೊದಲಿಂದ ಇದ್ದ ಕಾಯಿಲೆಗೆ ಸಾಮಾನ್ಯವಾಗಿ ದುಡ್ಡು ಕೊಡುವುದಿಲ್ಲ. ಕೊಡದಿದ್ದರೆ ಬಿಡಲಿ, ನಾನೇ ಕೊಡುತ್ತೇನೆ. ಅವರನ್ನು ಒಪ್ಪಿಸುವುದು ಹೇಗೆ ಅನ್ನುವುದೇ ಕಷ್ಟ. ಜೂನ್ ಕೊನೆಗೆ ಅವರ ಟಿಕೆಟ್ ಇದೆ, ಊರಿಗೆ ಹೋದರೆ ಖಂಡಿತ ಡಾಕ್ಟರ್ ಹತ್ತಿರ ಹೋಗುವವರಲ್ಲ. ನಾಳೆ ಗಾಡಿ ಸ್ವಲ್ಪ ಓಡಿಸಿ ಬೋಲ್ಟುಗಳನ್ನು ಮತ್ತೆ ಪರೀಕ್ಷೆ ಮಾಡಬೇಕು, ಅಪ್ಪನೂ ಜೊತೆಗೆ ಬರುತ್ತಾರೆ. ಆಗಲೇ ಕೇಳಲಾ? ಅಥವಾ ಸೇತುವೆ ನೋಡಿಕೊಂಡು ಬಂದ ಮೇಲೆ, ಪುಟ್ಟಿ ಹತ್ತಿರ ಹೇಳಿಸಿದರೆ