ಕೋಡಿ ಬಿತ್ತು ಕಣೇ

ಸ್ಕಾಟ್ಲೆಂಡಿನ ಎಡಿನ್‌ಬರಾದಲ್ಲಿ ನಮ್ಮ ಮನೆಯಿಂದ ಹದಿನೈದು ನಿಮಿಷ ನಡೆದರೆ ಕೋಟೆ ಕಾಣುತ್ತದೆ. ಊರ ನಡುವೆ ಎದ್ದು ನಿಂತ ಕರಿ ಬಂಡೆ, ಅದರ ನೆತ್ತಿಯ ಮೇಲೆ ಕಲ್ಲಿನ ಗೋಡೆ. ಐದು ವರ್ಷದ ಹಿಂದೆ ಮೊದಲ ಸಲ ನೋಡಿದಾಗ ಫೋಟೋ ತೆಗೆದು ಚಿತ್ರದುರ್ಗದ ಗೆಳತಿಗೆ ಕಳಿಸಿದ್ದೆ. "ನಿಮ್ಮೂರಿನ ತಂಗಿ ಇದ್ದಂಗಿದೆ ನೋಡೇ" ಅಂತ ಬರೆದಿದ್ದೆ. ಅವಳು ಚೆನ್ನಾಗಿದೆ ಅನ್ನಲಿಲ್ಲ, ಚಳಿ ಹೇಗಿದೆ ಅಂತಲೂ ಕೇಳಲಿಲ್ಲ. ಒಂದೇ ಮಾತು ಕೇಳಿದಳು: "ಅಷ್ಟು ಮೇಲೆ ನೀರೆಲ್ಲಿಂದ ತರ್ತಿದ್ರು?"

ನನಗೆ ಆ ಯೋಚನೆಯೇ ಬಂದಿರಲಿಲ್ಲ.

ಈ ಗೆಳತಿ ದಾವಣಗೆರೆಯಲ್ಲಿ ನಮ್ಮ ಮನೆ ಹಿಂದಿನ ರೂಮಿನಲ್ಲಿ ಬಾಡಿಗೆಗಿದ್ದು ಡಿಗ್ರಿ ಓದಿದವಳು. ಮೂರು ವರ್ಷ ಇಬ್ಬರೂ ಒಂದೇ ತಟ್ಟೆಯಲ್ಲಿ ಮಂಡಕ್ಕಿ ತಿಂದವರು. ನಾವು ಹುಟ್ಟಿದಾಗ ಎರಡೂ ಊರು ಒಂದೇ ಜಿಲ್ಲೆ. 1997ರಲ್ಲಿ ದಾವಣಗೆರೆ ಬೇರೆ ಆಯಿತು. ಅವಳೀಗ ದುರ್ಗದಲ್ಲೇ ಹೈಸ್ಕೂಲ್ ಟೀಚರ್.

ಅವಳ ಪ್ರಶ್ನೆ ತಲೆಯಲ್ಲಿ ಕೂತುಬಿಟ್ಟಿತು. ಒಂದು ಭಾನುವಾರ ಟಿಕೆಟ್ ತೆಗೆದುಕೊಂಡು ಎಡಿನ್‌ಬರಾ ಕೋಟೆಯೊಳಗೆ ಹೋದೆ. ಬೇರೆಯವರು ರಾಜರ ಕಿರೀಟ ನೋಡಲು ಸಾಲು ನಿಂತಿದ್ದರು. ನಾನು ಬಾವಿ ಹುಡುಕಿಕೊಂಡು ಹೋದೆ. ಬಂಡೆ ಕೊರೆದು ತೋಡಿದ ಬಾವಿ ಅದು, ಫೋರ್ ವೆಲ್ ಅಂತ ಹೆಸರು. 1571ರಿಂದ 1573ರವರೆಗೆ ಆ ಕೋಟೆಗೆ ದೊಡ್ಡ ಮುತ್ತಿಗೆ ಬಿದ್ದಿತ್ತು. ಒಳಗಿದ್ದವರು ರಾಣಿ ಮೇರಿಯ ಕಡೆಯವರು. 1573ರ ಮೇ ತಿಂಗಳಲ್ಲಿ ಫಿರಂಗಿ ಏಟಿಗೆ ಡೇವಿಡ್ಸ್ ಟವರ್ ಎಂಬ ದೊಡ್ಡ ಗೋಪುರ ಕುಸಿಯಿತು. ಅದರ ಕಲ್ಲುಮಣ್ಣು ಬಿದ್ದು ಬಾವಿ ಮುಚ್ಚಿಹೋಯಿತು. ಕುಡಿಯುವ ನೀರಿಲ್ಲದೆ ಕೆಲವೇ ದಿನದಲ್ಲಿ ಅವರು ಶರಣಾದರು. ಅಷ್ಟು ಗಟ್ಟಿ ಕೋಟೆ, ಒಂದು ಬಾವಿ ಮುಚ್ಚಿದ್ದಕ್ಕೆ ಸೋತಿತು.

ಇದನ್ನು ಗೆಳತಿಗೆ ಹೇಳಿದಾಗ ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಈ ಸಲ ಬಂದ್ರೆ ಎರಡು ದಿನ ಇರ್ಬೇಕು ನೀನು. ಬೆಳಗ್ಗೆ ಬಂದು ಸಂಜೆ ಓಡೋದಲ್ಲ" ಅಂದಳು.

ಹೋದ ಮೇ ತಿಂಗಳಲ್ಲಿ ಹೋದೆ. ದಾವಣಗೆರೆಯಿಂದ ಅರವತ್ತು ಕಿಲೋಮೀಟರ್, ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತ್ತು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಂಡರೆ ದುರ್ಗ ಬಂತು ಅಂತ ಲೆಕ್ಕ. ದೊಡ್ಡಪೇಟೆ ಹತ್ತಿರದ ಅವಳ ಮನೆ ಮುಟ್ಟಿದಾಗ ಮಧ್ಯಾಹ್ನ. ಅವಳ ಅತ್ತೆ ಬಾಗಿಲಲ್ಲೇ ನನ್ನ ಕೈ ಹಿಡಿದು "ಏನವ್ವ, ಇಷ್ಟು ಸೊರಗಿದೀಯ, ಅಲ್ಲಿ ಊಟ ಸರಿ ಇಲ್ವಾ?" ಅಂದರು. ಬಿಸಿ ಮುದ್ದೆ, ಸೊಪ್ಪಿನ ಸಾರು, ಶೇಂಗಾ ಚಟ್ನಿ. ಅದರ ಬಗ್ಗೆ ಬರೆಯುತ್ತಾ ಕೂತರೆ ಮುಗಿಯಲ್ಲ.

ಮರುದಿನ ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಬೀದಿಯಲ್ಲಿ ಯಾರೋ "ನೀರು ಬಂತೂ" ಅಂತ ಕೂಗಿದರು. ಎದ್ದು ನೋಡಿದರೆ ಮನೆಮಂದಿಯೆಲ್ಲ ಎದ್ದಾಗಿತ್ತು. ಎಂಟು ದಿನದ ಮೇಲೆ ಬಂದ ನೀರಂತೆ. ಗೆಳತಿ ಸೀರೆ ಸೆರಗು ಸಿಕ್ಕಿಸಿ ನಲ್ಲಿಗೆ ಪೈಪು ಹಾಕುತ್ತಿದ್ದಳು. ಸಂಪು, ಡ್ರಮ್ಮು, ಹಿತ್ತಾಳೆ ಕೊಡ, ಕೊನೆಗೆ ಚೊಂಬು, ಪಾತ್ರೆ. ನಾನೂ ಕೊಡ ಎತ್ತಿ ಒಳಗಿಟ್ಟೆ. ಎಡಿನ್‌ಬರಾದಲ್ಲಿ ಹಲ್ಲುಜ್ಜುವಾಗ ನಲ್ಲಿ ಬಿಟ್ಟೇ ನಿಲ್ಲುವ ಅಭ್ಯಾಸ ನನಗಾಗಿದೆ. ಆ ಹೊತ್ತಲ್ಲಿ ಅದು ನೆನಪಾಗಿ ಹೊಟ್ಟೆಯಲ್ಲಿ ಸಂಕಟವಾಯಿತು. "ಇದು ನಿಮ್ಮ ಕಡೆ ನೀರೇ ಕಣೇ, ಸೂಳೆಕೆರೆಯದು" ಅಂದಳು ಗೆಳತಿ. ನಿಜ, ಚನ್ನಗಿರಿ ತಾಲ್ಲೂಕಿನ ಆ ಕೆರೆ ನೀರು ಪೈಪಿನಲ್ಲಿ ದುರ್ಗಕ್ಕೆ ಬರುತ್ತದೆ.

ಹಾಗಂತ ಮಳೆಯಲ್ಲಿ ಭೂಮಿ ಆಕಾಶದ ವ್ಯತ್ಯಾಸ ಇದೆ ಅಂದುಕೊಳ್ಳಬೇಡಿ. ಎಡಿನ್‌ಬರಾಗೆ ವರ್ಷಕ್ಕೆ ಬೀಳುವುದು ಸುಮಾರು 70 ಸೆಂಟಿಮೀಟರ್. ದುರ್ಗದ ಜಿಲ್ಲೆಗೆ 60ರ ಆಸುಪಾಸು. ಅಲ್ಲಿ ವರ್ಷವಿಡೀ ಸಣ್ಣಗೆ ಜಿನುಗುತ್ತದೆ. ಇಲ್ಲಿ ಕೆಲವೇ ದಿನ ಜೋರಾಗಿ ಸುರಿದು ಹೋಗುತ್ತದೆ. ಹಿಡಿದಿಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಹಿಡಿದಿಟ್ಟವರು ಹೇಗೆ ಹಿಡಿದಿಟ್ಟರು ಅಂತ ತೋರಿಸಲಿಕ್ಕೇ ಅವಳು ನನ್ನನ್ನು ಕೋಟೆಗೆ ಕರೆದುಕೊಂಡು ಹೋದಳು. ಸ್ಕೂಲಿನಲ್ಲಿದ್ದಾಗ ನಾನೂ ಟ್ರಿಪ್ಪಿಗೆ ಬಂದಿದ್ದೆ. ಆಗ ಏಳು ಸುತ್ತು ಎಣಿಸಿದ್ದು, ಉಯ್ಯಾಲೆ ಕಂಬದ ಕೆಳಗೆ ಫೋಟೋ ತೆಗೆಸಿಕೊಂಡದ್ದು ಅಷ್ಟೇ ನೆನಪು. ಈ ಸಲ ಅವಳು ಕಂಬ, ಬುರುಜು ಒಂದನ್ನೂ ತೋರಿಸಲಿಲ್ಲ. ನೆಟ್ಟಗೆ ಮೇಲಿನ ಗೋಪಾಲಸ್ವಾಮಿ ಹೊಂಡಕ್ಕೆ ಕರೆದುಕೊಂಡು ಹೋದಳು. ಬೇಸಿಗೆ, ನೀರು ತಳಕ್ಕಿಳಿದು ಹಸಿರಾಗಿತ್ತು. ಕಲ್ಲಿನ ಮೇಲೆ ನೀರು ನಿಂತ ಗುರುತು ಗೆರೆ ಗೆರೆಯಾಗಿ ಕಾಣುತ್ತಿತ್ತು.

"ಸುತ್ತ ನೋಡು, ಬರೀ ಬಂಡೆ. ಮಳೆ ಬಿದ್ರೆ ಎಲ್ಲಿ ಇಂಗುತ್ತೆ? ಮನೆ ಮಾಳಿಗೆ ಮೇಲೆ ಬಿದ್ದಂಗೆ ಎಲ್ಲಾ ಹರ್ಕೊಂಡು ಬರುತ್ತೆ. ಆ ಸಂದಿಗೆ ಕಟ್ಟೆ ಕಟ್ಟಿದ್ರು, ಹೊಂಡ ಆಯ್ತು." ಇದು ತುಂಬಿ ಹೆಚ್ಚಾದ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅದೂ ತುಂಬಿದರೆ ಕೋಟೆ ದಾಟಿ ಊರೊಳಗಿನ ಸಿಹಿನೀರು ಹೊಂಡಕ್ಕೆ, ಅಲ್ಲಿಂದ ಸಂತೆ ಹೊಂಡಕ್ಕೆ. ಪಂಪಿಲ್ಲ, ಕರೆಂಟಿಲ್ಲ. ಮೇಲಿನವರು ಕುಡಿದು ಮಿಕ್ಕಿದ್ದು ಕೆಳಗಿನವರಿಗೆ. ಈ ಸೀಮೆಗೆ ಇದು ಹೊಸದೂ ಅಲ್ಲ. ಪಕ್ಕದ ಚಂದ್ರವಳ್ಳಿಯಲ್ಲಿ ಕದಂಬರ ಮಯೂರಶರ್ಮ ನಾಲ್ಕನೇ ಶತಮಾನದಲ್ಲಿ ಬಂಡೆಗೆ ಬರೆಸಿದ ಶಾಸನ ಇದೆ. ಅದೂ ಒಂದು ಕೆರೆಯ ವಿಷಯವೇ.

ಇಳಿಯುವಾಗ ಓಬವ್ವನ ಕಿಂಡಿ ಹತ್ತಿರ ನಿಲ್ಲಿಸಿದಳು. ಅಲ್ಲೇ ತಣ್ಣೀರು ದೋಣಿ. ಬಂಡೆಯ ನೆರಳಲ್ಲಿ, ಕಲ್ಲಿನ ಮಡಿಲಲ್ಲಿ ಒಂದಿಷ್ಟು ನೀರು. ಹೊರಗೆ ಕಾಲು ಸುಡುವ ಬಿಸಿಲು. ಕೈ ಅದ್ದಿದೆ, ಮೊಣಕೈವರೆಗೆ ತಂಪು ಏರಿತು. ಮುಖಕ್ಕೆ ಎರಚಿಕೊಂಡೆ. ಗೆಳತಿ ತನ್ನ ಸೆರಗಿನಲ್ಲಿ ನನ್ನ ಹಣೆ ಒರೆಸಿದಳು, ಹಿಂದೆ ಜ್ವರ ಬಂದಾಗ ಒರೆಸುತ್ತಿದ್ದಳಲ್ಲ, ಹಾಗೇ.

ಓಬವ್ವನ ಕಥೆ ನಮಗೆಲ್ಲ ಬಾಯಿಪಾಠ. ಕಹಳೆ ಊದುವ ಗಂಡ ಊಟಕ್ಕೆ ಬಂದಿದ್ದ. ಅವಳು ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳುವುದು ಕಂಡಳು. ಒನಕೆ ಹಿಡಿದು ನಿಂತಳು. ಆದರೆ ಆ ಹೊತ್ತಲ್ಲಿ ಅವಳು ಅಲ್ಲಿಗೆ ಬಂದದ್ದು ಯಾಕೆ? ಉಣ್ಣುತ್ತಾ ಕೂತ ಗಂಡನಿಗೆ ಕುಡಿಯಲು ನೀರು ತರಲಿಕ್ಕೆ.

"ಒನಕೆ ನೆನಪಿಟ್ಕೊಂಡ್ವಿ, ಕೊಡ ಮರೆತ್ವಿ" ಅಂದಳು ಗೆಳತಿ. ಪ್ರತಿ ವರ್ಷ ಮಕ್ಕಳನ್ನು ಇಲ್ಲಿಗೆ ಕರೆತಂದು ಮೊದಲು ಕೇಳುವ ಪ್ರಶ್ನೆ ಅದೇ ಅಂತೆ, ಓಬವ್ವ ಯಾಕೆ ಬಂದಿದ್ದಳು?

1779ರಲ್ಲಿ ಹೈದರಾಲಿ ದುರ್ಗ ಗೆದ್ದ. ಮದಕರಿ ನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಆದರೆ ಬಾಯಾರಿ ಸೋತ ಕೋಟೆ ಇದಲ್ಲ ಅನ್ನುವುದು ಗೆಳತಿಯ ಗಟ್ಟಿ ನಂಬಿಕೆ. ಆ ಹೊಂಡಗಳನ್ನು ನೋಡಿದ ಮೇಲೆ ನನಗೂ ಹಾಗೇ ಅನಿಸಿದೆ.

ಒಂದು ಹೊಂಡದ ಅಂಚಿನಲ್ಲಿ ನೀರಿನ ಬಾಟಲಿ, ಚಿಪ್ಸ್ ಕವರು ತೇಲುತ್ತಿದ್ದವು. ಗೆಳತಿ ಬ್ಯಾಗಿನಿಂದ ಚೀಲ ತೆಗೆದು ಕೈಗೆ ಸಿಕ್ಕಿದ್ದನ್ನು ಆಯ್ದಳು. ನಾನೂ ಆಯ್ದೆ. ದಾವಣಗೆರೆಯಲ್ಲಿರುವ ನೀವು ಒಂದು ಗಂಟೆಯಲ್ಲಿ ಅಲ್ಲಿಗೆ ಹೋಗಬಹುದು. ನನಗೆ ವರ್ಷಕ್ಕೊಂದು ಸಲ ಸಿಕ್ಕರೆ ಪುಣ್ಯ. ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆ ಹೋಗಿ ಬನ್ನಿ, ಮಕ್ಕಳನ್ನೂ ಕರೆದುಕೊಂಡು ಹೋಗಿ.

ಅವತ್ತು ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಕಿಕೊಂಡು ಮಲಗಿದೆವು. ಅವಳ ಅಪ್ಪನ ಕಾಯಿಲೆ, ನನ್ನ ಮಗಳ ಕನ್ನಡ, ಹಳೇ ಕಾಲೇಜು, ಎಲ್ಲಾ ಮಾತಾಡಿದೆವು. ಎರಡು ಗಂಟೆ ಹೊತ್ತಿಗೆ ಅವಳು ಮಾತಿನ ನಡುವೆಯೇ ನಿದ್ದೆ ಹೋದಳು. ನಾನು ಕತ್ತಲಲ್ಲಿ ಬೆಟ್ಟದ ಅಂಚು ನೋಡುತ್ತಾ ಮಲಗಿದ್ದೆ.

ಈ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಫೋನ್ ನೋಡಿದರೆ ಅವಳ ವಿಡಿಯೋ ಬಂದಿತ್ತು. ಮೇಲೆ ಬರೆದದ್ದು ಎರಡೇ ಮಾತು, "ಕೋಡಿ ಬಿತ್ತು ಕಣೇ." ಗೋಪಾಲಸ್ವಾಮಿ ಹೊಂಡ ಅಂಚಿನವರೆಗೂ ತುಂಬಿತ್ತು. ಕಟ್ಟೆಯ ಮೂಲೆಯಿಂದ ನೀರು ಬಂಡೆ ಸವರಿಕೊಂಡು ಕೆಳಗೆ ಇಳಿಯುತ್ತಿತ್ತು. ಸೌಂಡು ಜಾಸ್ತಿ ಮಾಡಿದೆ. ನೀರಿನ ಸದ್ದು, ಅದರ ಮೇಲೆ ಒಂದು ಹುಡುಗಿಯ ಕೂಗು: "ಮಿಸ್, ಅಕ್ಕ ತಂಗಿಗೆ ಹೋಯ್ತು ಮಿಸ್, ಕೆಳಗೆ ಹೋಗಣ ಬನ್ನಿ!"